ರಕ್ತ ಮತ್ತು ಜ್ಞಾನಸ್ನಾನದ ಪುಸ್ತಕ: ವಾರ್ಸಾ ಗೆಟ್ಟೊದಲ್ಲಿ ವೈದ್ಯ ಲುಡ್ವಿಕ್ ಹಿರ್ಷ್‌ಫೆಲ್ಡ್

ನಾಜಿ ಆಡಳಿತವು ಯೆಹೂದ್ಯರನ್ನು ರಕ್ತದಿಂದ ಗುರುತಿಸಿತೆಂದು ನಾವು ಸಾಮಾನ್ಯವಾಗಿ ಹೇಳುತ್ತೇವೆ. ಆ ಆಡಳಿತವೂ ಹಾಗೆಯೇ ಹೇಳಿಕೊಂಡಿತು. 1935ರ ನ್ಯೂರೆಂಬರ್ಗ್ ಕಾನೂನುಗಳಲ್ಲಿ ಒಂದರ ಹೆಸರೇ ಜರ್ಮನ್ ರಕ್ತದ ಸಂರಕ್ಷಣೆಯ ಕಾನೂನು. ಆದರೆ ಅದನ್ನು ಜಾರಿಗೊಳಿಸಿದ ಅಧಿಕಾರಿ ಯಾರ ರಕ್ತವನ್ನೂ ಪರೀಕ್ಷಿಸಲಿಲ್ಲ. ಪರೀಕ್ಷಿಸಿದ್ದರೂ ಅವನಿಗೆ ಏನೂ ತಿಳಿಯುತ್ತಿರಲಿಲ್ಲ. ಅವನು ಕೇಳಿದ್ದು ಅಜ್ಜ ಅಜ್ಜಿಯರ ಧರ್ಮವನ್ನು. ಅದಕ್ಕೆ ಬೇಕಾದ ಸಾಕ್ಷ್ಯ ದೊರೆಯುತ್ತಿದ್ದುದು ಬಹುಮಟ್ಟಿಗೆ ದೇವಾಲಯಗಳ ಜ್ಞಾನಸ್ನಾನದ ಪುಸ್ತಕಗಳಲ್ಲಿ. ಜರ್ಮನಿಯ ಧರ್ಮಕೇಂದ್ರಗಳ ಕಚೇರಿಗಳು, ಕಥೋಲಿಕವಾಗಲಿ ಪ್ರೊಟೆಸ್ಟೆಂಟ್ ಆಗಲಿ, ‘ಆರ್ಯ’ ವಂಶಾವಳಿಯ ರುಜುವಾತಿಗಾಗಿ ಬಂದವರಿಗೆ ನಕಲುಗಳನ್ನು ಬರೆದುಕೊಟ್ಟವು. ಗುರುಗಳು ದಿನನಿತ್ಯದ ಕಚೇರಿ ಕೆಲಸವೆಂದೇ ಅದನ್ನು ಮಾಡಿದರು. ಸಂಸ್ಕಾರದ ದಾಖಲೆ ಹೀಗೆ ಜನಾಂಗದ ದಾಖಲೆಯಾಯಿತು. ಸಂಸ್ಕಾರಗಳ ದೈವಶಾಸ್ತ್ರವನ್ನು ಓದುವ ನಮ್ಮ ವಿದ್ಯಾರ್ಥಿಗಳು ಈ ಸಂಗತಿಯ ಮುಂದೆ ಸ್ವಲ್ಪ ಹೊತ್ತು ನಿಲ್ಲುವುದು ಒಳ್ಳೆಯದು.

ಈ ವಿಪರ್ಯಾಸವನ್ನು ತನ್ನ ಮೈಯಲ್ಲೇ ಹೊತ್ತು ಬದುಕಿದ ಒಬ್ಬ ವೈದ್ಯನಿದ್ದಾನೆ. ಲುಡ್ವಿಕ್ ಹಿರ್ಷ್‌ಫೆಲ್ಡ್ 1884ರಲ್ಲಿ ವಾರ್ಸಾದ ಯೆಹೂದ್ಯ ಕುಟುಂಬವೊಂದರಲ್ಲಿ ಹುಟ್ಟಿದ. ಲೋಡ್ಜ್ ನಗರದಲ್ಲಿ ಬೆಳೆದ. ಜರ್ಮನಿಯಲ್ಲಿ ವೈದ್ಯಶಾಸ್ತ್ರ ಕಲಿತ. ಹೈಡೆಲ್‌ಬರ್ಗ್‌ನಲ್ಲಿ ಎಮಿಲ್ ಫಾನ್ ಡುಂಗರ್ನ್ ಜೊತೆ ಕೆಲಸ ಮಾಡುತ್ತಿದ್ದಾಗ, ರಕ್ತದ ಗುಂಪುಗಳು ತಂದೆತಾಯಿಯರಿಂದ ಮಕ್ಕಳಿಗೆ ನಿಯಮಬದ್ಧವಾಗಿ ಬರುತ್ತವೆ ಎಂಬುದನ್ನು 1910ರಲ್ಲಿ ತೋರಿಸಿಕೊಟ್ಟ. ಇಂದು ನಮ್ಮ ಆಸ್ಪತ್ರೆಗಳಲ್ಲಿ ಎ, ಬಿ, ಎಬಿ, ಓ ಎಂದು ಬರೆಯುವ ಹೆಸರುಗಳು ರೂಢಿಗೆ ಬಂದದ್ದು ಅವರಿಬ್ಬರಿಂದಲೇ. ಮೊದಲ ಮಹಾಯುದ್ಧದಲ್ಲಿ ಸೆರ್ಬಿಯಕ್ಕೆ ಹೋಗಿ ಟೈಫಸ್ ಪಿಡುಗಿನ ನಡುವೆ ದುಡಿದ. ಬಳಿಕ ಸಲೋನಿಕದಲ್ಲಿ, ಮಕ್ಕಳ ವೈದ್ಯೆಯಾಗಿದ್ದ ಪತ್ನಿ ಹಾನ್ನಾಳೊಡನೆ, ನಾನಾ ದೇಶಗಳ ಸುಮಾರು ಎಂಟು ಸಾವಿರ ಜನರ ರಕ್ತವನ್ನು ಪರೀಕ್ಷಿಸಿದ. ಬ್ರಿಟಿಷ್ ಸೈನ್ಯದಲ್ಲಿದ್ದ ಭಾರತೀಯ ಸಿಪಾಯಿಗಳೂ ಅವರಲ್ಲಿದ್ದರು. ಬಿ ಗುಂಪು ಅವರಲ್ಲಿ ಹೆಚ್ಚಾಗಿ ಕಂಡುಬಂದಿತು. 1919ರಲ್ಲಿ ಪ್ರಕಟವಾದ ಈ ಅಧ್ಯಯನ ಹೇಳಿದ್ದು ಇಷ್ಟು: ಎಲ್ಲ ಗುಂಪುಗಳೂ ಬಹುತೇಕ ಎಲ್ಲ ಜನಾಂಗಗಳಲ್ಲಿ ಇವೆ, ವ್ಯತ್ಯಾಸವಿರುವುದು ಪ್ರಮಾಣದಲ್ಲಿ ಮಾತ್ರ. ಜರ್ಮನಿಯ ಜನಾಂಗವಾದಿಗಳು ಈ ಪ್ರಮಾಣಗಳನ್ನೇ ಹಿಡಿದು ತಮ್ಮ ಸಿದ್ಧಾಂತಕ್ಕೆ ಆಧಾರ ಹುಡುಕತೊಡಗಿದರು. 1926ರಲ್ಲಿ ಅದಕ್ಕಾಗಿ ಒಂದು ಸಂಘವನ್ನೂ ಕಟ್ಟಿದರು. ಹಿರ್ಷ್‌ಫೆಲ್ಡ್ ಅವರಿಂದ ದೂರ ಸರಿದ.

ಸ್ವತಂತ್ರ ಪೋಲೆಂಡಿಗೆ ಮರಳಿದ ಮೇಲೆ ಅವನು ವಾರ್ಸಾದ ರಾಜ್ಯ ಆರೋಗ್ಯ ಸಂಸ್ಥೆಯನ್ನು ಬೆಳೆಸಿದವರಲ್ಲಿ ಮುಖ್ಯನಾದ. ಯುದ್ಧಕ್ಕೆ ಬಹಳ ಮುಂಚೆಯೇ ಕಥೋಲಿಕ ಧರ್ಮಸಭೆಯನ್ನು ಸೇರಿದ್ದ. ತಾನು ಪೋಲಿಷ್ ವಿಜ್ಞಾನಿ, ಕ್ರೈಸ್ತ ಎಂದೇ ಅವನು ತನ್ನನ್ನು ತಿಳಿದುಕೊಂಡಿದ್ದ. 1939ರ ಸೆಪ್ಟೆಂಬರಿನಲ್ಲಿ ಜರ್ಮನ್ ಸೈನ್ಯ ಬಂದಿತು. ಅವನ ಹುದ್ದೆ ಹೋಯಿತು. 1940ರ ಜುಲೈ 24ರ ಆಜ್ಞೆಯೊಂದು ಆಕ್ರಮಿತ ಪೋಲೆಂಡಿನಲ್ಲಿ ಯೆಹೂದ್ಯನೆಂದರೆ ಯಾರು ಎಂದು ವಿವರಿಸಿತು. ಅಲ್ಲಿಯೂ ಎಣಿಕೆ ಅಜ್ಜ ಅಜ್ಜಿಯರದೇ. ಅವರು ಯೆಹೂದ್ಯ ಧಾರ್ಮಿಕ ಸಮುದಾಯಕ್ಕೆ ಸೇರಿದ್ದರೆ ಮೊಮ್ಮಗನು ಪಡೆದ ಜ್ಞಾನಸ್ನಾನಕ್ಕೆ ಬೆಲೆಯಿಲ್ಲ. ಆ ವರ್ಷದ ನವೆಂಬರಿನಲ್ಲಿ ಗೆಟ್ಟೊದ ಗೋಡೆ ಮುಚ್ಚಿತು. 1941ರ ಫೆಬ್ರವರಿಯಲ್ಲಿ ಹಿರ್ಷ್‌ಫೆಲ್ಡ್, ಹಾನ್ನಾ, ಅವರ ಒಬ್ಬಳೇ ಮಗಳು ಮರಿಯಾ ಗೋಡೆಯ ಒಳಗಾದರು.

ನಾಲ್ಕು ಲಕ್ಷಕ್ಕೂ ಮೀರಿದ ಜನ, ಮೂರೂವರೆ ಚದರ ಕಿಲೋಮೀಟರಿಗಿಂತ ಕಡಿಮೆ ಜಾಗ. ಟೈಫಸ್ ಎಂದರೆ ನಮಗೆ ಪರಿಚಿತವಾದ ಟೈಫಾಯ್ಡ್ ಅಲ್ಲ. ಮೈಯ ಹೇನಿನಿಂದ ಹರಡುವ ಬೇರೆಯೇ ಜ್ವರ. ಸಾಬೂನಿಲ್ಲದ, ಸೌದೆಯಿಲ್ಲದ, ಒಂದೊಂದು ಕೋಣೆಯಲ್ಲಿ ಏಳೆಂಟು ಮಂದಿ ಮಲಗುವ ಕಡೆ ಹೇನಿಗೆ ಹಬ್ಬ. ಯೆಹೂದ್ಯರು ರೋಗ ಹರಡುತ್ತಾರೆ, ಆದ್ದರಿಂದ ಗೋಡೆ ಬೇಕು ಎಂದು ಜರ್ಮನ್ ಅಧಿಕಾರಿಗಳು ಫಲಕ ತೂಗುಹಾಕಿದರು. ಆದರೆ ಪಿಡುಗನ್ನು ಬೆಳೆಸಿದ್ದು ಆ ಗೋಡೆಯೇ. ಇಪ್ಪತ್ತೈದು ವರ್ಷಗಳ ಹಿಂದೆ ಸೆರ್ಬಿಯದಲ್ಲಿ ಇದೇ ರೋಗವನ್ನು ಎದುರಿಸಿದ್ದ ಹಿರ್ಷ್‌ಫೆಲ್ಡ್‌ಗೆ ಇದನ್ನು ಯಾರೂ ವಿವರಿಸಬೇಕಾಗಿರಲಿಲ್ಲ. ಗೆಟ್ಟೊದ ಆರೋಗ್ಯ ಮಂಡಲಿಯ ಹೊಣೆ ಅವನ ಹೆಗಲಿಗೆ ಬಂದಿತು. ಲಸಿಕೆಯನ್ನು ಹೊರಗಿನಿಂದ ಕದ್ದು ತರಿಸಬೇಕಿತ್ತು. ಬಂದದ್ದು ಎಲ್ಲಿಗೂ ಸಾಲದು. ಪಿಡುಗು ತಡೆಯುವ ತರಬೇತಿ ಎಂಬ ಹೆಸರಿನಲ್ಲಿ ಗುಟ್ಟಾಗಿ ನಡೆಯುತ್ತಿದ್ದ ವೈದ್ಯಕೀಯ ಶಾಲೆಯಲ್ಲಿ ಅವನು ಪಾಠ ಹೇಳಿದ. ಹೊಟ್ಟೆಗಿಲ್ಲದ ನೂರಾರು ತರುಣ ತರುಣಿಯರು ಸಂಜೆಯ ಹೊತ್ತು ಬಂದು ಕೇಳಿದರು. ಅವರಲ್ಲಿ ಬಹುಮಂದಿ ವೈದ್ಯರಾಗುವಷ್ಟು ಕಾಲ ಬದುಕಲಿಲ್ಲ.

ಹಿರ್ಷ್‌ಫೆಲ್ಡ್ ಕುಟುಂಬ ನೆಲೆ ಕಂಡದ್ದು ಗ್ರಿಜಿಬೋವ್ಸ್ಕಿ ಚೌಕದಲ್ಲಿದ್ದ ಸಕಲ ಸಂತರ ದೇವಾಲಯದ ಗುರುನಿವಾಸದಲ್ಲಿ. ಗೆಟ್ಟೊದೊಳಗೆ ಸಿಕ್ಕಿಬಿದ್ದ ಯೆಹೂದ್ಯ ಮೂಲದ ಕ್ರೈಸ್ತರು ಕೆಲವು ಸಾವಿರ ಇದ್ದರು. ಅವರಿಗಾಗಿ ಈ ದೇವಾಲಯವೂ ಲೆಷ್ನೊ ಬೀದಿಯ ಇನ್ನೊಂದು ದೇವಾಲಯವೂ ತೆರೆದಿದ್ದವು. ತೋಳಿಗೆ ದಾವೀದನ ನಕ್ಷತ್ರದ ಪಟ್ಟಿ ಕಟ್ಟಿಕೊಂಡವರು ಅಲ್ಲಿ ಬಲಿಪೂಜೆಗೆ ಮೊಣಕಾಲೂರಿದರು. ಧರ್ಮಕೇಂದ್ರದ ಗುರು ಮಾರ್ಸೆಲಿ ಗೊದ್ಲೆವ್ಸ್ಕಿಗೆ ಆಗ ಎಪ್ಪತ್ತೈದು ದಾಟಿತ್ತು. ಯುದ್ಧಕ್ಕೆ ಮುಂಚೆ ಈ ಗುರು ಯೆಹೂದ್ಯ ವಿರೋಧಿಯೆಂದೇ ಹೆಸರಾದವರು. ಕ್ರೈಸ್ತ ಕಾರ್ಮಿಕರನ್ನು ಸಂಘಟಿಸುವಾಗ ಯೆಹೂದ್ಯ ವ್ಯಾಪಾರದ ವಿರುದ್ಧ ಮಾತನಾಡಿದವರು, ಬರೆದವರು. ಹಿರ್ಷ್‌ಫೆಲ್ಡ್ ತನ್ನ ಆತ್ಮಕಥೆಯಲ್ಲಿ ಇದನ್ನು ಮರೆಮಾಚುವುದಿಲ್ಲ. ಕಡುಸಂಕಟವನ್ನು ಕಣ್ಣಾರೆ ಕಂಡ ಮೇಲೆ ಆ ವೃದ್ಧ ಗುರು ಹಳೆಯ ಧೋರಣೆಯನ್ನು ಕಿತ್ತೊಗೆದು ತನ್ನ ಹೃದಯವನ್ನೆಲ್ಲ ಯೆಹೂದ್ಯರಿಗೆ ಕೊಟ್ಟರೆಂದು ಅವನು ಕೃತಜ್ಞತೆಯಿಂದ ಬರೆಯುತ್ತಾನೆ.

ಗೊದ್ಲೆವ್ಸ್ಕಿಯವರ ಮನಃಪರಿವರ್ತನೆಗೆ ಕಾರಣವಾದದ್ದು ಯಾವ ದೈವಶಾಸ್ತ್ರದ ಪುಸ್ತಕವೂ ಅಲ್ಲ. ಯೆಹೂದ್ಯರನ್ನು ಕುರಿತ ಧರ್ಮಸಭೆಯ ಬೋಧನೆ ದ್ವಿತೀಯ ವ್ಯಾಟಿಕನ್ ಮಹಾಸಭೆಯಲ್ಲಿ ಹೊಸ ಮಾತು ಪಡೆಯಲು ಇನ್ನೂ ಇಪ್ಪತ್ತು ವರ್ಷಗಳಿಗೂ ಹೆಚ್ಚು ಕಾಲ ಬಾಕಿಯಿತ್ತು. ದೇವಾಲಯದ ಬಾಗಿಲಿನ ಹೊರಗೆ ಹಸಿವಿನಿಂದ ಸತ್ತವರನ್ನು ಕಾಗದ ಮುಚ್ಚಿ ಮಲಗಿಸಿರುತ್ತಿದ್ದರು. ಗುರುಗಳೂ ಅವರ ಸಹಾಯಕ ಆಂತೋನಿ ಚಾರ್ನೆಟ್ಸ್ಕಿಯವರೂ ಗಂಜಿಕೇಂದ್ರ ನಡೆಸಿದರು. ಮಕ್ಕಳನ್ನು ಗೋಡೆಯಾಚೆ ದಾಟಿಸಿ ಮರಿಯಮ್ಮನವರ ಕುಟುಂಬದ ಫ್ರಾನ್ಸಿಸ್ಕನ್ ಭಗಿನಿಯರಿಗೆ ಒಪ್ಪಿಸಿದರು. ಜ್ಞಾನಸ್ನಾನ ಪಡೆಯದವರಿಗೂ ಜ್ಞಾನಸ್ನಾನದ ಪ್ರಮಾಣಪತ್ರ ಬರೆದುಕೊಟ್ಟರು.

ನೈತಿಕ ದೈವಶಾಸ್ತ್ರದ ತರಗತಿಯಲ್ಲಿ ಇಲ್ಲಿಗೆ ಬಂದಾಗ ಪ್ರಶ್ನೆ ಏಳದೆ ಇರುವುದಿಲ್ಲ. ಸಂಸ್ಕಾರದ ಪುಸ್ತಕ ಸತ್ಯಕ್ಕೆ ಸಾಕ್ಷಿ. ಅದನ್ನು ನಿಷ್ಠೆಯಿಂದ ಬರೆಯುವುದು ಗುರುವಿನ ಕರ್ತವ್ಯವೆಂದು ಕಾನೂನು ಸಂಹಿತೆ ವಿಧಿಸುತ್ತದೆ. ಸಂತ ಅಗುಸ್ತೀನರು ಸುಳ್ಳಿಗೆ ಯಾವ ರಿಯಾಯಿತಿಯನ್ನೂ ಕೊಡಲಿಲ್ಲ. ಅವರು ಮೆಚ್ಚಿದ ಉದಾಹರಣೆ ತಗಾಸ್ತೆಯ ಧರ್ಮಾಧ್ಯಕ್ಷ ಫಿರ್ಮುಸ್: ತನ್ನಲ್ಲಿ ಅಡಗಿದ್ದವನನ್ನು ಹುಡುಕಿ ಬಂದ ಚಕ್ರವರ್ತಿಯ ಸೇವಕರಿಗೆ ಆತ, ಸುಳ್ಳನ್ನೂ ಹೇಳಲಾರೆ, ಅವನನ್ನು ಹಿಡಿದುಕೊಡಲೂ ಆರೆ ಎಂದು ಹೇಳಿ ಚಿತ್ರಹಿಂಸೆಯನ್ನು ತಾಳಿಕೊಂಡ; ಕೊನೆಗೆ ಚಕ್ರವರ್ತಿಯಿಂದ ಅವನಿಗೆ ಕ್ಷಮೆಯನ್ನೂ ಪಡೆದ. ಫಿರ್ಮುಸ್‌ನ ಮುಂದಿದ್ದ ಚಕ್ರವರ್ತಿಗೆ ಕ್ಷಮಿಸುವ ಮನಸ್ಸಿತ್ತು ಎಂಬುದನ್ನು ಮರೆಯಬಾರದು. ವಾರ್ಸಾದಲ್ಲಿ ಗುರುವಿನ ಮೌನದಿಂದ ಗುರು ಸಾಯುತ್ತಿದ್ದರು, ಮಗುವೂ ಸಾಯುತ್ತಿತ್ತು. ಹಿಬ್ರಿಯ ಸೂಲಗಿತ್ತಿಯರು ಫರೋಹನಿಗೆ ಕೊಟ್ಟ ಉತ್ತರವನ್ನು ವಿಮೋಚನಾಕಾಂಡ ಖಂಡಿಸುವುದಿಲ್ಲ. ದೇವರು ಅವರಿಗೆ ಒಳಿತುಮಾಡಿದರೆಂದು ಹೇಳುತ್ತದೆ. ದೇವರು ಮೆಚ್ಚಿದ್ದು ಅವರ ಕರುಣೆಯನ್ನು, ಸುಳ್ಳನ್ನಲ್ಲ ಎಂದು ಅಗುಸ್ತೀನರು ಬಿಡಿಸಿಹೇಳಿದರು. ಆ ವಿಂಗಡಣೆ ಸೂಕ್ಷ್ಮವಾದುದು. ಆದರೂ ಇನ್ನೊಂದು ಮಾತನ್ನು ಸೇರಿಸಬೇಕೆಂದು ನನಗೆ ತೋರುತ್ತದೆ. ಆಕ್ರಮಣಕಾರನು ಆ ಪ್ರಮಾಣಪತ್ರದಲ್ಲಿ ಕೇಳುತ್ತಿದ್ದುದು ಕ್ರಿಸ್ತನಲ್ಲಿ ಪಡೆದ ಹೊಸ ಹುಟ್ಟನ್ನಲ್ಲ, ಕೊಲ್ಲಲು ಅನುಮತಿಯನ್ನು. ಸಂಸ್ಕಾರದ ಪುಸ್ತಕವನ್ನು ಮೊದಲು ಸುಳ್ಳಾಗಿಸಿದವನು ಅವನು. ಅದನ್ನು ಜನಾಂಗದ ಲೆಕ್ಕಪುಸ್ತಕವಾಗಿ ನಿಷ್ಠೆಯಿಂದ ನಕಲು ಮಾಡಿಕೊಟ್ಟ ಗುಮಾಸ್ತನಿಗಿಂತ ಅದರಲ್ಲಿ ಸುಳ್ಳು ಹೆಸರು ಬರೆದ ಗೊದ್ಲೆವ್ಸ್ಕಿ ಆ ಪುಸ್ತಕದ ಅರ್ಥವನ್ನು ಹೆಚ್ಚು ಕಾಪಾಡಿದರು.

ಗುರುನಿವಾಸದ ತೋಟದ ನೆರಳನ್ನು ಗೋಡೆಯೊಳಗಿನ ಎಲ್ಲರೂ ಮೆಚ್ಚಿದರೆಂದು ಭಾವಿಸಬಾರದು. ಮರಗಳೇ ಅಪರೂಪವಾಗಿದ್ದ ಆ ಜಾಗದಲ್ಲಿ ಮತಾಂತರಗೊಂಡವರಿಗೆ ತೋಟ, ಕ್ರೈಸ್ತ ಸಂಸ್ಥೆಗಳ ನೆರವು, ಕೆಲವರಿಗೆ ಉನ್ನತ ಹುದ್ದೆ. ಗೆಟ್ಟೊದ ಯೆಹೂದ್ಯ ಪೊಲೀಸರ ಮುಖ್ಯಸ್ಥ ಯೂಜೆಫ್ ಶೆರಿನ್ಸ್ಕಿ ಸಹ ಕಥೋಲಿಕನಾಗಿದ್ದವನೇ. ತಮ್ಮನ್ನು ತೊರೆದುಹೋದವರು ಮರಳಿ ಬಂದು ತಮ್ಮ ಮೇಲೆ ಅಧಿಕಾರ ನಡೆಸುತ್ತಿದ್ದಾರೆಂದು ಚರಿತ್ರಕಾರ ಇಮ್ಯಾನ್ಯುವೆಲ್ ರಿಂಗೆಲ್‌ಬ್ಲುಮ್‌ನಂಥವರು ಕಹಿಯಾಗಿ ಬರೆದರು. ಆ ಕಹಿಯಲ್ಲಿ ನ್ಯಾಯವಿತ್ತು. ಹಿರ್ಷ್‌ಫೆಲ್ಡ್ ಅದನ್ನು ಬಲ್ಲ. ಅವನು ಯಾರಿಗೂ ಪೂರ್ತಿ ಸೇರಿದವನಾಗಿರಲಿಲ್ಲ. ಹಾಗಿದ್ದೂ ರೋಗಿಯ ಹಾಸಿಗೆಯ ಬಳಿ ಅವನು ಧರ್ಮ ಕೇಳಲಿಲ್ಲ. ಅವನಂತೆ ದುಡಿದ ಇತರ ವೈದ್ಯರು ಹಸಿವೆಂಬ ರೋಗವನ್ನೇ ತಮ್ಮ ರೋಗಿಗಳ ದೇಹಗಳಲ್ಲಿ ಅಧ್ಯಯನ ಮಾಡಿ, ಹಸ್ತಪ್ರತಿಯನ್ನು ಹೊರಗೆ ಸಾಗಿಸಿದರು. ಅದು 1946ರಲ್ಲಿ ಪ್ರಕಟವಾದಾಗ ಅದನ್ನು ಬರೆದವರಲ್ಲಿ ಬಹಳ ಮಂದಿ ಇರಲಿಲ್ಲ. ಆ ಕಾರ್ಯವನ್ನು ಮುನ್ನಡೆಸಿದ ವೈದ್ಯ ಇಸ್ರಾಯೆಲ್ ಮಿಲೈಕೋವ್ಸ್ಕಿಯೂ ಇರಲಿಲ್ಲ.

1942ರ ಜುಲೈ 22ರಂದು ಟ್ರೆಬ್ಲಿಂಕಕ್ಕೆ ರೈಲುಗಳು ಹೊರಡತೊಡಗಿದವು. ಸೆಪ್ಟೆಂಬರ್ ಮುಗಿಯುವ ಮೊದಲೇ ಸುಮಾರು 2,65,000 ಜನರನ್ನು ಸಾಗಿಸಲಾಗಿತ್ತು. ಜ್ಞಾನಸ್ನಾನ ಪಡೆದವರನ್ನೂ ಪಡೆಯದವರನ್ನೂ ಒಂದೇ ಬೋಗಿಗೆ ತುಂಬಿದರು. ಅದೇ ಆಗಸ್ಟ್ 9ರಂದು ಆಶ್ವಿಟ್ಸ್‌ನಲ್ಲಿ, ಹಾಲೆಂಡಿನಿಂದ ಹಿಡಿದು ತಂದಿದ್ದ ಕಾರ್ಮೆಲ್ ಸಭೆಯ ಭಗಿನಿ ಎಡಿತ್ ಸ್ಟೈನ್ ಕೊಲ್ಲಲ್ಪಟ್ಟರು. ಜ್ಞಾನಸ್ನಾನ ಆತ್ಮದ ಮೇಲೆ ಅಳಿಸಲಾಗದ ಮುದ್ರೆಯನ್ನೊತ್ತುತ್ತದೆ ಎಂದು ನಾವು ಕಲಿಸುತ್ತೇವೆ. ಆ ಮುದ್ರೆ ಅವರನ್ನು ರೈಲಿನಿಂದ ಇಳಿಸಲಿಲ್ಲ. ಅದನ್ನು ಪಡೆದವರು ತಮ್ಮ ಜನರಿಂದ ಬೇರೆಯಾಗಬೇಕೆಂದು ಎಂದೂ ಹೇಳಿರಲೂ ಇಲ್ಲ. ಪೌಲನು ರೋಮನರಿಗೆ ಬರೆದ ಪತ್ರದ ಒಂಬತ್ತನೆಯ ಅಧ್ಯಾಯವನ್ನು ಈ ಬೇಸಿಗೆಯನ್ನು ನೆನೆದು ಓದಬೇಕು.

ಹಿರ್ಷ್‌ಫೆಲ್ಡ್ ಆ ಬೇಸಿಗೆಯಲ್ಲಿ ಗೆಟ್ಟೊದಿಂದ ತಪ್ಪಿಸಿಕೊಂಡ. ಹೊರಗಿದ್ದ ಪೋಲಿಷ್ ಗೆಳೆಯರು ಕೈಬಿಡಲಿಲ್ಲ. ಸುಳ್ಳು ಹೆಸರಿನಲ್ಲಿ ಹಳ್ಳಿಯಿಂದ ಹಳ್ಳಿಗೆ ಅಲೆಯುತ್ತ, ಅಡಗಿದ್ದಲ್ಲೇ ಆತ್ಮಕಥೆಯನ್ನು ಬರೆದ. ಅದೇ ಅಜ್ಞಾತವಾಸದಲ್ಲಿ, 1943ರಲ್ಲಿ, ಮರಿಯಾ ತೀರಿಕೊಂಡಳು. ಗೆಟ್ಟೊದಿಂದ ಜೀವಂತವಾಗಿ ಹೊರತಂದ ಮಗಳು. ತಂದೆತಾಯಿ ಇಬ್ಬರೂ ವೈದ್ಯರು.

ಗೊದ್ಲೆವ್ಸ್ಕಿಯವರು 1945ರ ಡಿಸೆಂಬರಿನಲ್ಲಿ ನಿಧನರಾದರು. 2009ರಲ್ಲಿ ಇಸ್ರೇಲಿನ ಯಾದ್ ವಾಶೆಮ್ ಸಂಸ್ಥೆ ಅವರನ್ನು ಜನಾಂಗಗಳ ನಡುವಿನ ನೀತಿವಂತರಲ್ಲಿ ಒಬ್ಬರೆಂದು ಗೌರವಿಸಿತು. ಹಿರ್ಷ್‌ಫೆಲ್ಡ್ 1944ರಲ್ಲಿ ಲುಬ್ಲಿನ್‌ನಲ್ಲಿ ಹೊಸ ವಿಶ್ವವಿದ್ಯಾಲಯ ಕಟ್ಟಲು ನೆರವಾಗಿ, ಮರುವರ್ಷ ವ್ರೊಟ್ಸ್ವಾಫ್‌ಗೆ ಹೋದ. ಯುದ್ಧಕ್ಕೆ ಮುಂಚೆ ಜರ್ಮನ್ನರದಾಗಿದ್ದ ಆ ಊರಿನಲ್ಲಿ ವೈದ್ಯಕೀಯ ಶಿಕ್ಷಣವನ್ನು ಮತ್ತೆ ಆರಂಭಿಸಿ, 1954ರಲ್ಲಿ ಸಾಯುವವರೆಗೂ ಹಾನ್ನಾಳೊಡನೆ ದುಡಿದ. ಅವನ ಕೊನೆಯ ವರ್ಷಗಳ ಸಂಶೋಧನೆಯೂ ರಕ್ತದ ಮೇಲೆಯೇ: ತಾಯಿಯ ರಕ್ತಕ್ಕೂ ಗರ್ಭದ ಶಿಶುವಿನ ರಕ್ತಕ್ಕೂ ಹೊಂದಿಕೆಯಾಗದೆ ಶಿಶುಗಳು ಸಾಯುವುದನ್ನು ತಡೆಯುವುದು ಹೇಗೆ ಎಂಬುದು.