ಚದುರಂಗ ಯಂತ್ರಗಳ ಭವಿಷ್ಯ: ಇತಿಹಾಸದ ದೃಷ್ಟಿಯಿಂದ ಕೆಲವು ವಿಚಾರಗಳು

ಕುಂಚಾವರಂ ಸೇರಿರುವ ಚಿಂಚೋಳಿ ತಾಲ್ಲೂಕಿನ ಉತ್ತರದ ಎಲ್ಲೆಯನ್ನು ದಾಟಿದರೆ ಬೀದರ ಜಿಲ್ಲೆ. ಅಲ್ಲಿಯ ಬಸವಕಲ್ಯಾಣವೇ ಚಾಲುಕ್ಯರ ಕಲ್ಯಾಣ. ಆ ರಾಜಧಾನಿಯಿಂದ ಆಳಿದ ಮೂರನೆಯ ಸೋಮೇಶ್ವರನು (ಸು. ೧೧೨೭–೧೧೩೮) ರಚಿಸಿದ ‘ಮಾನಸೋಲ್ಲಾಸ’ವೆಂಬ ಸಂಸ್ಕೃತ ಗ್ರಂಥದ ಐದನೆಯ ವಿಂಶತಿಯಲ್ಲಿ ಚದುರಂಗದ ವಿವರಣೆಯುಂಟು. ಸುಮಾರು ಒಂಬತ್ತು ಶತಮಾನಗಳ ತರುವಾಯವೂ ಅದನ್ನು ನಾವು ಓದಬಲ್ಲೆವು. ಆದರೆ ಚದುರಂಗವಾಡುವುದಕ್ಕಾಗಿಯೇ ನಾಲ್ಕೈದು ದಶಕಗಳ ಹಿಂದೆ ನಿರ್ಮಿತವಾದ ವಿದ್ಯುನ್ಮಾನ ಯಂತ್ರಗಳನ್ನು ಇನ್ನಷ್ಟೇ ಕಾಲ ಕಳೆದ ಮೇಲೆ ಓದಬಲ್ಲೆವೆ? ಪ್ರಕೃತ ಲೇಖನದ ವಿಷಯವು ಇದು.

ಎದುರಾಳಿಯಿಲ್ಲದೆ ಹಾಸಿನ ಮುಂದೆ ಕುಳಿತುಕೊಳ್ಳುವ ಬಯಕೆ ವಿದ್ಯುತ್ತಿಗಿಂತ ಹಳೆಯದು. ೧೭೭೦ರಲ್ಲಿ ವಿಯೆನ್ನಾದಲ್ಲಿ ಕೆಂಪೆಲೆನ್ ಎಂಬುವನು ಪ್ರದರ್ಶಿಸಿದ ‘ತುರ್ಕ’ ಯಂತ್ರದೊಳಗೆ ಮನುಷ್ಯನೊಬ್ಬನು ಅಡಗಿ ಕುಳಿತು ಆಡುತ್ತಿದ್ದನೆಂಬುದು ಈಗ ಸರ್ವವಿದಿತ. ಒಂದು ಮನೆಗೂ ಎರಡನೆಯ ಸಲ ಕಾಲಿಡದೆ ಕುದುರೆಯನ್ನು ಅರುವತ್ತನಾಲ್ಕು ಮನೆಗಳಲ್ಲಿಯೂ ನಡೆಸುವುದು ಅದರ ಪ್ರದರ್ಶನಗಳಲ್ಲೊಂದಾಗಿತ್ತು. ೧೮೫೪ರಲ್ಲಿ ಫಿಲಡೆಲ್ಫಿಯಾದಲ್ಲಿ ಅದು ಬೆಂಕಿಗೆ ಆಹುತಿಯಾಯಿತು.

ಸುಮಾರು ಅದೇ ಕಾಲದಲ್ಲಿ ಮೈಸೂರಿನಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರು (೧೭೯೪–೧೮೬೮) ಇದೇ ಅಶ್ವಸಂಚಾರವನ್ನು ಬೇರೊಂದು ಎತ್ತರಕ್ಕೆ ಒಯ್ದರು. ೧೮೩೧ರಲ್ಲಿ ಆಡಳಿತವು ಕೈತಪ್ಪಿದ ಮೇಲೆ ದೊರೆತ ವಿರಾಮವೂ ಇದಕ್ಕೆ ಕಾರಣವಾಗಿದ್ದೀತು. ಕುದುರೆಯ ನಡೆಗಳಿಗೆ ಒಂದರಿಂದ ಅರುವತ್ತನಾಲ್ಕರವರೆಗೆ ಅಂಕೆಯಿಟ್ಟರೆ, ಅವರ ಒಂದು ರಚನೆಯಲ್ಲಿ ಪ್ರತಿಯೊಂದು ಅಡ್ಡಸಾಲಿನ ಮೊತ್ತವೂ ಪ್ರತಿಯೊಂದು ಕಂಬಸಾಲಿನ ಮೊತ್ತವೂ ೨೬೦ ಆಗುತ್ತದೆ. ಕರ್ಣಗಳಲ್ಲಿಯೂ ಈ ಮೊತ್ತ ಬರುವಂತೆ ಮಾಡಲು ಸಾಧ್ಯವೆ ಎಂಬ ಪ್ರಶ್ನೆ ಬಹುಕಾಲ ಉಳಿದಿತ್ತು. ೨೦೦೩ರಲ್ಲಿ ಎರಡು ತಿಂಗಳ ಗಣಕಶೋಧದಿಂದ ಅದು ಅಸಾಧ್ಯವೆಂದು ತಿಳಿಯಿತು. ಸಾಲು-ಕಂಬಗಳು ಮಾತ್ರ ಹೊಂದುವ ಬಗೆಗಳು ೧೪೦ ಎಂದೂ ಗೊತ್ತಾಯಿತು. ಈ ಶೋಧವನ್ನು ನಡೆಸಿದವು ಚದುರಂಗದ ಯಂತ್ರಗಳಲ್ಲ, ಎಲ್ಲ ಕೆಲಸಕ್ಕೂ ಒದಗುವ ಸಾಮಾನ್ಯ ಗಣಕಗಳು ಎಂಬುದನ್ನು ವಾಚಕರು ಗಮನಿಸಬೇಕು. ಚದುರಂಗ ಯಂತ್ರಗಳನ್ನು ಮೂಲೆಗೆ ಸರಿಸಿದವೂ ಇವೇ.

ಆ ಕಥೆ ದೀರ್ಘವಲ್ಲ. ೧೯೭೭ರಲ್ಲಿ ಅಮೆರಿಕದ ಫಿಡೆಲಿಟಿ ಸಂಸ್ಥೆಯ ‘ಚೆಸ್ ಚಾಲೆಂಜರ್’ ಮಾರುಕಟ್ಟೆಗೆ ಬಂದಿತು. ಅದರ ಆಟಕ್ಕೆ ಇದ್ದುದು ಒಂದೇ ಹಂತ. ೧೯೮೦ರಲ್ಲಿ ಲಂಡನ್ನಿನಲ್ಲಿ ನಡೆದ ಮೊದಲ ವಿಶ್ವ ಮೈಕ್ರೊಗಣಕ ಚದುರಂಗ ಸ್ಪರ್ಧೆಯನ್ನು ಅದೇ ಸಂಸ್ಥೆಯ ಯಂತ್ರ ಗೆದ್ದಿತು. ಅನಂತರದ ಮೇಲುಗೈ ಮ್ಯೂನಿಕ್ಕಿನ ‘ಮೆಫಿಸ್ಟೊ’ ಯಂತ್ರಗಳದು. ೧೯೯೭ರಲ್ಲಿ ‘ಡೀಪ್ ಬ್ಲೂ’ ಕಾಸ್ಪರೋವನನ್ನು ಸೋಲಿಸಿತು. ಇಂದು ಜೇಬಿನ ದೂರವಾಣಿಯೇ ವಿಶ್ವವಿಜೇತನನ್ನು ಮೀರಿಸಬಲ್ಲದು. ಆದುದರಿಂದ ಬಲವನ್ನೇ ನೆಚ್ಚಿಕೊಂಡು ಇಂತಹ ಯಂತ್ರವನ್ನು ಮಾರುವ ಕಾಲ ಕಳೆದುಹೋಯಿತು. ಈಗಲೂ ತಯಾರಾಗುತ್ತಿರುವವು ಮುಖ್ಯವಾಗಿ ಮರದ ಹಾಸು, ಕಾಯಿಗಳ ಸ್ಪರ್ಶ, ಪರದೆಯಿಲ್ಲದ ಏಕಾಂತ ಇವುಗಳನ್ನು ಬಯಸುವವರಿಗಾಗಿ. ಈ ಬಯಕೆ ಅಲ್ಪವೆಂದು ನನಗೆ ತೋರುವುದಿಲ್ಲ.

ಆದರೆ ಹಳೆಯ ಯಂತ್ರಗಳ ಗತಿಯೇನು? ಸ್ಪೇನಿನ ಟೊರೆಸ್ ಕೆವೆಡೊ ೧೯೧೨ರಲ್ಲಿ ನಿರ್ಮಿಸಿದ, ರಾಜ ಮತ್ತು ಆನೆಗಳಿಂದ ಒಂಟಿ ರಾಜನನ್ನು ಕಟ್ಟಿಹಾಕುವ ಯಂತ್ರವು ಮ್ಯಾಡ್ರಿಡ್ಡಿನಲ್ಲಿ ಉಳಿದಿದೆ. ಅದರ ಸನ್ನೆ, ತಂತಿಗಳನ್ನು ಕಣ್ಣಿನಿಂದಲೇ ನೋಡಿ ವಿಚಾರಸರಣಿಯನ್ನು ಊಹಿಸಬಹುದು. ಒಡೆಯರ ರಚನೆಯನ್ನಂತೂ ಅಂಕೆ ಬಲ್ಲ ಬಾಲಕನೂ ಪರೀಕ್ಷಿಸಬಲ್ಲನು. ವಿದ್ಯುನ್ಮಾನ ಯಂತ್ರದಲ್ಲಿ ಹಾಗಲ್ಲ. ಅದರ ಬುದ್ಧಿಯೆಲ್ಲ ಸ್ಮೃತಿ ಚಿಪ್ಪಿನಲ್ಲಿ ಅಡಗಿದೆ. ಅಳಿಸಿ ಬರೆಯಬಹುದಾದ ಜಾತಿಯ ಚಿಪ್ಪುಗಳಲ್ಲಿ ಆ ಬರಹವು ಸೂಕ್ಷ್ಮ ವಿದ್ಯುದಾವೇಶದ ರೂಪದಲ್ಲಿದ್ದು, ದಶಕಗಳು ಉರುಳಿದಂತೆ ಸೋರಿಹೋಗುತ್ತದೆ. ಪೆಟ್ಟಿಗೆ ಹೊಳೆಯುತ್ತಿರುತ್ತದೆ, ಆಟಗಾರನು ಸತ್ತಿರುತ್ತಾನೆ. ಓಲೆಯ ಗ್ರಂಥ ಹುಳು ಹಿಡಿಯುವ ಮುನ್ನ ಪ್ರತಿ ಮಾಡಿಕೊಂಡ ಲಿಪಿಕಾರರ ಕೆಲಸವನ್ನು ಈಗ ‘ಮೇಮ್’ ಮುಂತಾದ ಅನುಕರಣ ತಂತ್ರಾಂಶಗಳಲ್ಲಿ ದುಡಿಯುವ ಹವ್ಯಾಸಿಗಳು ಮಾಡುತ್ತಿದ್ದಾರೆ. ವಸ್ತುಸಂಗ್ರಹಾಲಯಗಳು ಪೆಟ್ಟಿಗೆಯನ್ನು ಮಾತ್ರ ಕಾಪಾಡಿದರೆ ಅರ್ಧ ಕೆಲಸವೂ ಆಗಲಿಲ್ಲ.

ಇನ್ನೊಂದು ಮಾತು. ಮಾರುಕಟ್ಟೆಯ ಯಂತ್ರಗಳು ಆಡುವುದು ಅಂತರರಾಷ್ಟ್ರೀಯ ನಿಯಮದ ಆಟ. ಕಾಲಾಳು ಮೊದಲ ನಡೆಯಲ್ಲಿಯೂ ಒಂದೇ ಮನೆ ಸರಿಯುವ, ರಾಜನು ಒಂದು ಸಲ ಕುದುರೆಯಂತೆ ನೆಗೆಯಬಹುದಾದ ದೇಸಿ ಕಟ್ಟಳೆಗಳು ಅವುಗಳಿಗೆ ತಿಳಿಯವು. ಯಂತ್ರನಿರ್ಮಾಣವು ದೊಡ್ಡ ಕಾರ್ಖಾನೆಗಳ ಸ್ವತ್ತಾಗಿದ್ದಾಗ ಇದಕ್ಕೆ ಉಪಾಯವಿರಲಿಲ್ಲ. ಈಗ ಅಗ್ಗದ ಗಣಕಫಲಕವೊಂದನ್ನು ಮರದ ಹಾಸಿಗೆ ಜೋಡಿಸುವ ಕೆಲಸ ಕಾಲೇಜಿನ ಪ್ರಯೋಗಶಾಲೆಗೆ ನಿಲುಕುವಂಥದು. ಕುಂಚಾವರಂ, ಸೇಡಂ, ಚಿತ್ತಾಪುರಗಳ ಹಿರಿಯರಲ್ಲಿ ಯಾರಿಗೆ ಯಾವ ಕಟ್ಟಳೆ ನೆನಪಿದೆಯೆಂದು ವಿದ್ಯಾರ್ಥಿಗಳು ಕೇಳಿ ಬರೆದುಕೊಳ್ಳಬೇಕು. ಯಂತ್ರಕ್ಕೆ ಏನನ್ನು ಕಲಿಸಬೇಕೆಂಬುದು ಅನಂತರದ ಪ್ರಶ್ನೆ.