ಹೆಸರು ಹೊಲಿದ ಕೌದಿಗಳು

ಹಳೆಯ ಸೀರೆಗಳ ತುಂಡುಗಳನ್ನು ಜೋಡಿಸಿ ಹೊಲಿದ ಕೌದಿ ಹೊದ್ದು ಬೆಳೆದವರು ನಾವು. ಅಂತಹ ಹೊದಿಕೆ ಪತ್ರದ ಕೆಲಸವನ್ನೂ ಮಾಡಬಲ್ಲದೆಂಬುದು ಚಾಂಗಿ ಸೆರೆಮನೆಯ ಚರಿತ್ರೆಯಿಂದ ತಿಳಿಯುತ್ತದೆ.

1942ರ ಫೆಬ್ರವರಿ 15ರಂದು ಸಿಂಗಾಪುರ ಜಪಾನೀ ಸೇನೆಯ ವಶವಾಯಿತು. ಸುಮಾರು 600 ಕೈದಿಗಳಿಗೆಂದು ಕಟ್ಟಿದ್ದ ಚಾಂಗಿ ಜೈಲಿನಲ್ಲಿ ಎರಡು ಸಾವಿರಕ್ಕೂ ಹೆಚ್ಚು ನಾಗರಿಕರನ್ನು ತುಂಬಲಾಯಿತು. ಹೆಂಗಸರು, ಮಕ್ಕಳು ಒಂದು ಕಡೆ. ಗಂಡಸರು ಇನ್ನೊಂದು ಕಡೆ. ಸೈನಿಕರು ಬೇರೆ ಶಿಬಿರದಲ್ಲಿ. ಯಾರು ಬದುಕಿದ್ದಾರೆಂಬ ಸುದ್ದಿಯೇ ಇಲ್ಲ.

ಆಗ ಕೆನಡಾದ ಎಥೆಲ್ ಮುಲ್ವೇನಿ ಒಂದು ದಾರಿ ಕಂಡುಕೊಂಡರು. ಒಬ್ಬೊಬ್ಬ ಹೆಂಗಸಿಗೂ ಬಟ್ಟೆಯ ಒಂದು ಚೌಕ. ಅದರ ಮೇಲೆ ತನಗೆ ತೋಚಿದ್ದನ್ನು ಕಸೂತಿ ಮಾಡಿ ಹೆಸರು ಹೊಲಿಯಬೇಕು. 66 ಚೌಕಗಳಿಗೆ ಒಂದು ಕೌದಿ. ಬ್ರಿಟಿಷ್, ಆಸ್ಟ್ರೇಲಿಯನ್ ಗಾಯಾಳುಗಳಿಗೆ ಒಂದೊಂದು. ಸೆರೆ ಹಿಡಿದ ಜಪಾನೀಯರ ಗಾಯಾಳುಗಳಿಗೂ ಒಂದು. ಆಸ್ಪತ್ರೆಗೆ ಹೋದ ಕೌದಿಯಲ್ಲಿ ಹೆಂಡತಿಯ ಹೆಸರು ಕಂಡರೆ, ಆಕೆ ಜೀವಂತವಾಗಿದ್ದಾಳೆಂದು ಗಂಡನಿಗೆ ತಿಳಿಯುತ್ತಿತ್ತು.

ಅದೇ ವರ್ಷಗಳಲ್ಲಿ ಚೆಕ್ ನಾಡಿನ ಟೆರೆಜಿನ್‌ನಲ್ಲಿ ನಾಜಿಗಳು ಕೂಡಿಹಾಕಿದ್ದ ಯಹೂದಿ ಮಕ್ಕಳಿಗೆ ಕಲಾವಿದೆ ಫ್ರೀಡ್ಲ್ ಡಿಕರ್-ಬ್ರಾಂಡೈಸ್ ಚಿತ್ರಕಲೆ ಕಲಿಸಿದರು. ಅವರೂ ಸೆರೆಯಾಳೇ. ಚಿತ್ರದ ಮೇಲೆ ಮಗು ತನ್ನ ಹೆಸರು ಬರೆಯಲೇಬೇಕೆಂಬುದು ಅವರ ಕಟ್ಟಳೆ. 1944ರಲ್ಲಿ ಆಶ್ವಿಟ್ಜ್‌ನಲ್ಲಿ ಅವರನ್ನು ಕೊಂದರು. ಹೆಚ್ಚಿನ ಮಕ್ಕಳೂ ಉಳಿಯಲಿಲ್ಲ. ಎರಡು ಸೂಟ್‌ಕೇಸುಗಳಲ್ಲಿ ಬಚ್ಚಿಟ್ಟ ಸುಮಾರು 4,500 ಚಿತ್ರಗಳು ಉಳಿದು ಪ್ರಾಗ್‌ನ ಯಹೂದಿ ವಸ್ತುಸಂಗ್ರಹಾಲಯವನ್ನು ಸೇರಿದವು.

ಸೂಜಿಯಾಗಲಿ ಕುಂಚವಾಗಲಿ ಸೆರೆಮನೆಯ ಬಾಗಿಲು ತೆರೆಯಲಾರದು. ಆದರೂ ಎಣಿಕೆಯ ತಲೆಗಳಾಗಿ ಉಳಿದವರು ತಮ್ಮ ಹೆಸರನ್ನು ತಮ್ಮ ಕೈಯಾರೆ ಬರೆದುಕೊಂಡರು. ಅವರಿಗೆ ದೊರೆತ ಸಾಂತ್ವನ ಅದೇ ಎಂದು ನಾವು ಭಾವಿಸುತ್ತೇವೆ.