ಅಕಾಲಪ್ರಸವದ ಶಂಕೆ

ಗರ್ಭಕ್ಕೆ 37 ವಾರಗಳು ತುಂಬುವ ಮೊದಲೇ ಹೆರಿಗೆಯ ಬೇನೆಯನ್ನು ಹೋಲುವ ಲಕ್ಷಣಗಳು ತೋರಿ, ಗರ್ಭಿಣಿಯನ್ನೂ ಮನೆಮಂದಿಯನ್ನೂ ತಲ್ಲಣಗೊಳಿಸಿ, ಆದರೂ ಹಲವು ಸಂದರ್ಭಗಳಲ್ಲಿ ತತ್ಕ್ಷಣದ ಪ್ರಸವದಲ್ಲಿ ಪರ್ಯವಸಾನವಾಗದೆ ಹೋಗುವ ಸ್ಥಿತಿ. ಕಡೆಯ ಮುಟ್ಟಿನ ಮೊದಲ ದಿನದಿಂದ ಎಣಿಸಿದರೆ ಪೂರ್ಣಗರ್ಭದ ಅವಧಿ 280 ದಿನಗಳು. 259 ದಿನಗಳು ಸಲ್ಲುವ ಮುನ್ನ ಜನಿಸಿದ ಶಿಶುವು ಅವಧಿಪೂರ್ವ ಶಿಶುವೆನಿಸುತ್ತದೆ. 2020ರಲ್ಲಿ ಜಗತ್ತಿನಲ್ಲಿ ಇಂಥ ಶಿಶುಗಳು ಸುಮಾರು 1 ಕೋಟಿ 34 ಲಕ್ಷ ಜನಿಸಿದುವೆಂದೂ ಅದರಲ್ಲಿ ಭಾರತದ ಪಾಲು ಸುಮಾರು 30 ಲಕ್ಷವೆಂದೂ ಅಂದಾಜು. ಒಮ್ಮೆ ನೋವು ಕಂಡು, ಅನಂತರ ತಿಂಗಳು ತುಂಬಿಸಿಕೊಂಡೇ ಹೆತ್ತ ತಾಯಂದಿರು ಈ ಲೆಕ್ಕಕ್ಕೆ ಬರುವವರಲ್ಲ; ಅವರೂ ಅಲ್ಪಸಂಖ್ಯರಲ್ಲ. ಅಕಾಲದ ಬೇನೆಯೆಂದು ಆಸ್ಪತ್ರೆಗೆ ಸೇರಿಸಲ್ಪಟ್ಟವರಲ್ಲಿಯೂ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಪೂರ್ಣಾವಧಿಗೇ ಹೆರುತ್ತಾರೆ.

ಗರ್ಭಕೋಶವು ಹೆರಿಗೆಯ ದಿನದವರೆಗೆ ನಿಶ್ಚಲವಾಗಿರುವ ಅಂಗವಲ್ಲ. ಬಸಿರಿನುದ್ದಕ್ಕೂ ಅದು ಆಗಾಗ ಬಿಗಿದು ಸಡಿಲುವುದನ್ನು ಇಂಗ್ಲೆಂಡಿನ ಪ್ರಸೂತಿತಜ್ಞ ಜಾನ್ ಬ್ರಾಕ್ಸ್‌ಟನ್ ಹಿಕ್ಸ್ 1872ರಲ್ಲಿ ವಿವರಿಸಿದನು. ಈ ಬಿಗಿತಗಳಿಗೆ ಇಂದಿಗೂ ಅವನದೇ ಹೆಸರು, ನಮ್ಮ ಹೆಂಗಸರ ಮಾತಿನಲ್ಲಿ ಸುಳ್ಳು ನೋವು. ಹೊಟ್ಟೆಯ ಮೇಲ್ಭಾಗದಲ್ಲಿ ಅಂಗೈಯನ್ನು ಊರಿ ಕುಳಿತರೆ, ಗರ್ಭಕೋಶವು ಮೆಲ್ಲನೆ ಮೇಲೆದ್ದು, ಒತ್ತಿದರೆ ಹಣೆಯನ್ನು ಮುಟ್ಟಿದಂತೆ ಗಟ್ಟಿಯಾಗಿ, ಅರೆನಿಮಿಷವೋ ಒಂದು ನಿಮಿಷವೋ ನಿಂತು, ಪುನಃ ಮೆತ್ತಗಾಗುವುದು ಕೈಗೇ ತಿಳಿಯುತ್ತದೆ. ಸುಳ್ಳು ನೋವಿಗೆ ಕ್ರಮವಿಲ್ಲ. ನೀರು ಕುಡಿದು, ಮೂತ್ರ ವಿಸರ್ಜಿಸಿ, ಮಗ್ಗುಲು ಬದಲಿಸಿ ಮಲಗಿದರೆ ಅದು ಸಾಮಾನ್ಯವಾಗಿ ಇಳಿಯುತ್ತದೆ. ನಿಜವಾದ ಬೇನೆ ಹತ್ತು ನಿಮಿಷಕ್ಕೊಮ್ಮೆಯೋ ಅದಕ್ಕೂ ಬೇಗನೆಯೋ ಮರುಕಳಿಸಿ, ಸೊಂಟದಿಂದ ಹೊರಟು ಕಿಬ್ಬೊಟ್ಟೆಗೆ ಹಬ್ಬಿ, ಹೋಗುಹೋಗುತ್ತ ಬಲಗೊಳ್ಳುತ್ತದೆ. ಆದರೆ ಈ ಭೇದವನ್ನು ಮನೆಯಲ್ಲಿ ಕುಳಿತು ನಿಶ್ಚಯಿಸುವುದು ಹತ್ತು ಹೆತ್ತವಳಿಗೂ ಅಸಾಧ್ಯ. ದೇಹದಲ್ಲಿ ನೀರಿನ ಕೊರತೆ, ಮೂತ್ರದ ಸೋಂಕು, ಅವಳಿಗರ್ಭ ಇವೇ ಮೊದಲಾದವು ಬಿಗಿತವನ್ನು ಕೆರಳಿಸಬಲ್ಲವಾದ್ದರಿಂದ, ನೋವು ಸುಳ್ಳಾದಾಗಲೂ ಅದರ ಕಾರಣವು ಚಿಕಿತ್ಸಾರ್ಹವಾಗಿರುವುದುಂಟು.

ಆಸ್ಪತ್ರೆಯಲ್ಲಿ ಹೊಟ್ಟೆಗೆ ಎರಡು ಪಟ್ಟಿಗಳನ್ನು ಬಿಗಿದು, ಒಂದರಿಂದ ಕೂಸಿನ ಎದೆಬಡಿತವನ್ನೂ ಇನ್ನೊಂದರಿಂದ ಗರ್ಭಕೋಶದ ಬಿಗಿತವನ್ನೂ ಕಾಗದದ ಮೇಲೆ ಬರೆಸುತ್ತಾರೆ. ನಿರ್ಣಾಯಕವಾದದ್ದು ಗರ್ಭಕಂಠದ ಸ್ಥಿತಿ. ಯೋನಿಯ ಮೂಲಕ ಮಾಡುವ ಸ್ಕ್ಯಾನಿಂಗಿನಲ್ಲಿ ಅದರ ಉದ್ದ 30 ಮಿಲಿಮೀಟರಿಗೆ ಮೀರಿದ್ದರೆ ಮುಂದಿನ ಒಂದು ವಾರದಲ್ಲಿ ಹೆರಿಗೆಯಾಗುವ ಸಂಭವ ಅತ್ಯಲ್ಪ. 15 ಮಿಲಿಮೀಟರಿಗೂ ಕಡಿಮೆಯಿದ್ದರೆ ಸಂಭವ ಹೆಚ್ಚು.

ಶಂಕೆ ನಿಜವೆಂದು ತೋರಿದಾಗ ನೋವನ್ನು ತಡೆಯುವ ನಿಫೆಡಿಪೈನ್ ಮೊದಲಾದ ಔಷಧಗಳಿಂದ ಹೆರಿಗೆಯನ್ನು ತಿಂಗಳುಗಟ್ಟಲೆ ಮುಂದೂಡಬಹುದೆಂಬ ನಿರೀಕ್ಷೆ ಸಲ್ಲದು. ಅವುಗಳಿಂದ ಲಭಿಸುವುದು ಬಹುಮಟ್ಟಿಗೆ 48 ಗಂಟೆಗಳ ಅವಕಾಶ. ಆ ಅವಕಾಶದ ಮೂಲಕ ಸಾಧಿಸುವ ಕಾರ್ಯವಾದರೋ ಅಮೂಲ್ಯವಾದದ್ದು. ನ್ಯೂಜಿಲೆಂಡಿನ ಆಕ್ಲೆಂಡಿನಲ್ಲಿ, ಹೆರಿಗೆಯು ಹೇಗೆ ಆರಂಭವಾಗುತ್ತದೆಂಬ ಪ್ರಶ್ನೆಯನ್ನು ಹಿಡಿದು ಕುರಿಗಳ ಮೇಲೆ ಪ್ರಯೋಗ ನಡೆಸುತ್ತಿದ್ದ ಗ್ರಹಾಂ ಲಿಗಿನ್ಸನು, ಸ್ಟಿರಾಯ್ಡು ಪಡೆದು ಅಕಾಲದಲ್ಲಿ ಹುಟ್ಟಿದ, ಉಸಿರಾಡಲಾರದೆಂದೇ ಭಾವಿಸಬೇಕಾಗಿದ್ದ ಕುರಿಮರಿಯ ಶ್ವಾಸಕೋಶಗಳು ಅಂಶತಃ ಅರಳಿದ್ದುದನ್ನು ಕಂಡನು. ಆ ಜಾಡಿನಲ್ಲಿಯೇ ನಡೆದು, ತಾಯಿಗೆ ಕೊಟ್ಟ ಸ್ಟಿರಾಯ್ಡು ಚುಚ್ಚುಮದ್ದು ಕೂಸಿನ ಶ್ವಾಸಕೋಶವನ್ನು ಬೇಗನೆ ಪಕ್ವಗೊಳಿಸುತ್ತದೆಂಬುದನ್ನು ರಾಸ್ ಹೋವಿಯೊಡನೆ 1972ರಲ್ಲಿ ಪ್ರಕಟಿಸಿದನು. ಭಾರತ ಸರಕಾರದ 2014ರ ಮಾರ್ಗಸೂಚಿಯ ಪ್ರಕಾರ 24ರಿಂದ 34 ವಾರಗಳ ನಡುವೆ 6 ಮಿಲಿಗ್ರಾಂ ಡೆಕ್ಸಾಮೆಥಸೋನನ್ನು 12 ಗಂಟೆಗೊಮ್ಮೆ, ನಾಲ್ಕು ಸಲ, ಕೊಡತಕ್ಕದ್ದು. ಬಡ ದೇಶಗಳ ಆಸ್ಪತ್ರೆಗಳಲ್ಲಿಯೂ ಇದು ಫಲಕಾರಿಯೆಂದು ವಿಶ್ವ ಆರೋಗ್ಯ ಸಂಸ್ಥೆಯ ಆಶ್ರಯದಲ್ಲಿ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದು ಸ್ಥಾಪಿಸಿತು. ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನವರು ಅದರಲ್ಲಿ ಭಾಗಿಗಳಾಗಿದ್ದರು.

ಏಳು ತಿಂಗಳ ಕೂಸು ಬದುಕೀತು, ಎಂಟು ತಿಂಗಳದ್ದು ಬದುಕದು ಎಂಬ ನಂಬಿಕೆ ನಮ್ಮಲ್ಲಿ ಇನ್ನೂ ಕೇಳಿಬರುತ್ತದೆ. ಎಂಟನೆಯ ತಿಂಗಳಲ್ಲಿ ಓಜಸ್ಸು ಅಸ್ಥಿರವೆಂದು ಚರಕ, ಸುಶ್ರುತರ ಸಂಹಿತೆಗಳು ಹೇಳುವುದೂ, ಪ್ರಾಚೀನ ಗ್ರೀಕರ ವೈದ್ಯವು ಇದೇ ಅಭಿಪ್ರಾಯವನ್ನು ತಾಳಿದ್ದುದೂ ಕುತೂಹಲಕರವೇ ಹೌದು. ಆದರೆ ವಸ್ತುಸ್ಥಿತಿ ಇದಕ್ಕೆ ತೀರ ವಿರುದ್ಧ. ಗರ್ಭದಲ್ಲಿ ಕಳೆಯುವ ಒಂದೊಂದು ವಾರವೂ ಶಿಶುವಿನ ಬಲವನ್ನು ಹೆಚ್ಚಿಸುತ್ತದೆ. 34 ವಾರ ಕಳೆದು ಹುಟ್ಟಿದ ಶಿಶುಗಳಲ್ಲಿ ಬಹುತೇಕ ಎಲ್ಲವೂ, ಹಾಲು ಚೀಪುವುದಕ್ಕೂ ಮೈಶಾಖವನ್ನು ಕಾಯ್ದುಕೊಳ್ಳುವುದಕ್ಕೂ ಕೆಲದಿನ ಆಸರೆ ಬೇಡಿದರೂ, ಯೋಗ್ಯ ಆರೈಕೆಯಲ್ಲಿ ಉಳಿಯುತ್ತವೆ.

ನೋವು ನಿಂತು ಮನೆಗೆ ಮರಳಿದವಳನ್ನು ಹಾಸಿಗೆಯಿಂದ ಏಳಗೊಡದಿರುವುದು ಪ್ರೀತಿಯಿಂದ ನಡೆಯುವ ಅಪಚಾರ. ಸಂಪೂರ್ಣ ಶಯ್ಯಾವಿಶ್ರಾಂತಿಯಿಂದ ಅಕಾಲಪ್ರಸವ ತಪ್ಪುವುದೆಂಬುದಕ್ಕೆ ಆಧಾರ ದೊರೆತಿಲ್ಲ. ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟುವುದು, ಸ್ನಾಯುಗಳು ಸೊರಗುವುದು, ಮನಸ್ಸು ಕುಗ್ಗುವುದು ಇವು ಅದರ ನಿಶ್ಚಿತ ಅಪಾಯಗಳು. ಮೇಲೆ, ದಿನವಿಡೀ ಮಲಗಿ ಪ್ರತಿಯೊಂದು ಬಿಗಿತವನ್ನೂ ಲೆಕ್ಕಿಸುವವಳಿಗೆ ಭಯವು ಬೆಳೆಯುವುದಲ್ಲದೆ ಇಳಿಯುವುದಿಲ್ಲ. “ಸುಮ್ಮನೆ ಗಾಬರಿಪಟ್ಟೆ” ಎಂಬ ಅತ್ತೆಯ ಮಾತಾಗಲಿ, ನೆರೆಯವಳ ನಗೆಯಾಗಲಿ ಉಂಟುಮಾಡುವ ಹಾನಿ ಇನ್ನೂ ದೊಡ್ಡದು. ಏಕೆಂದರೆ ಒಮ್ಮೆ ನಾಚಿಕೊಂಡವಳು ಮತ್ತೊಮ್ಮೆ ನಿಜವಾದ ಬೇನೆ ಬಂದಾಗ ತಡಮಾಡುತ್ತಾಳೆ. ಲಘುವಾದ ಮನೆಗೆಲಸ, ಸಾಕಷ್ಟು ನೀರು, ಭಾರ ಎತ್ತದಿರುವುದು, ವೈದ್ಯರು ಹೇಳಿದ ದಿನಕ್ಕೆ ಮರುತಪಾಸಣೆ: ಇಷ್ಟು ಸಾಮಾನ್ಯವಾಗಿ ಸಾಕು.

ಸೀಮಂತವೋ ಕುಪ್ಪಸವೋ ಮುಗಿದು ಚೊಚ್ಚಲ ಬಸುರಿಯು ತವರಿಗೆ ತೆರಳುವ ಕಾಲವೂ ಇಂಥ ನೋವು ಕಾಣಿಸಬಹುದಾದ ಕಾಲವೂ ನಮ್ಮಲ್ಲಿ ಒಂದೇ ಆಗಿರುವುದರಿಂದ, ಆವರೆಗೆ ನೋಡುತ್ತಿದ್ದ ವೈದ್ಯರು ದೂರವಾಗಿ, ಹೊಸ ಊರಿನ ಆಸ್ಪತ್ರೆ ಅಪರಿಚಿತವಾಗಿರುವ ದಿನಗಳಲ್ಲಿಯೇ ಬೇನೆ ಬರುವುದುಂಟು. ತಾಯಿ ಕಾರ್ಡನ್ನೂ ಸ್ಕ್ಯಾನಿಂಗಿನ ವರದಿಗಳನ್ನೂ ಜೊತೆಗೊಯ್ದು, ಅವಧಿಪೂರ್ವ ಶಿಶುಗಳ ಆರೈಕೆಯ ಘಟಕವಿರುವ ಆಸ್ಪತ್ರೆ ತವರಿಗೆ ಸಮೀಪದಲ್ಲಿ ಯಾವುದೆಂಬುದನ್ನು ಆಶಾ ಕಾರ್ಯಕರ್ತೆಯಿಂದ ಮೊದಲೇ ತಿಳಿದಿಡಬೇಕು. ಬಿಗಿತವು ಕ್ರಮಬದ್ಧವಾಗಿ ಒಂದು ಗಂಟೆ ನಡೆದರೆ ವೈದ್ಯರನ್ನು ಕಾಣಬೇಕು. ನೀರು ಹೋದರೆ, ರಕ್ತ ಕಂಡರೆ ಅಥವಾ ಕೂಸಿನ ಅಲುಗಾಟ ಕುಂದಿದರೆ ಆ ಒಂದು ಗಂಟೆಯನ್ನೂ ಕಾಯದೆ 108ಕ್ಕೆ ಕರೆಮಾಡತಕ್ಕದ್ದು.